ಆ ಉದಾಹರಣೆ ಪದ್ಮಳದು

ರೇಷ್ಮೆ ಹುಳದ ಮನೆಯ ಉದಾಹರಣೆ ನನ್ನದಲ್ಲ. ಅದನ್ನು ಹೇಳಿ ನಾನು ಕೆಲಸ ಗಿಟ್ಟಿಸಿದೆ, ಅದನ್ನು ಹೇಳಿಯೇ ಐದು ವರ್ಷದಿಂದ ಒಳ್ಳೆಯ ಮೇಡಂ ಅನ್ನಿಸಿಕೊಂಡಿದ್ದೇನೆ — ಆದರೆ ಅದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅದು ನಿನ್ನದು, ಪದ್ಮಾ. ನಿನ್ನದೆಂದು ಗೊತ್ತಿದ್ದೂ, ನೀನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರೂ, ಮೂರು ಜನರ ಮುಂದೆ ಅದು ನನ್ನದೆಂದು ಹೇಳಿದೆ. ನಿನಗೆ ಸಿಗಬೇಕಾಗಿದ್ದ ಕೆಲಸ ನನಗೆ ಸಿಕ್ಕಿತು. ಇಷ್ಟೇ ವಿಷಯ. ಇಷ್ಟನ್ನು ಬರೆಯುವಷ್ಟರಲ್ಲಿ ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ಉಳಿದದ್ದೆಲ್ಲ ನಿನಗೆ ಗೊತ್ತಿರುವುದೇ. ಆದರೆ ಈ ಕಾಗದವನ್ನು ನೀನೊಬ್ಬಳೇ ಕೇಳುವುದಿಲ್ಲ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ನೀನು ನನ್ನ ಮೈದುನನ ಹೆಂಡತಿ, ನನ್ನ ವಾರಗಿತ್ತಿ. ಗೌರಿಬಿದನೂರಿನಿಂದಾಚೆ, ಹಿಂದೂಪುರದ ಕಡೆಯ ಹಳ್ಳಿಯಿಂದ ಸಾದಲಿಯ ಈ ಮನೆಗೆ ಬಂದವಳು. ಹತ್ತನೇ ಕ್ಲಾಸಿನವರೆಗೆ ಓದಿದ್ದು ತೆಲುಗಿನಲ್ಲಿ, ಆಮೇಲೆ ಡಿಗ್ರಿಯಲ್ಲಿ ಕಂಪ್ಯೂಟರ್ ಒಂದು ವಿಷಯ. ನಾನಾಗ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿ ಮೇಲಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಇದ್ದದ್ದು ನಾಲ್ಕು ಕಂಪ್ಯೂಟರು, ಅದರಲ್ಲೊಂದಕ್ಕೆ ಮೌಸ್ ಇರಲಿಲ್ಲ. ಆದರೂ ಊರಿನಲ್ಲಿ ನನ್ನನ್ನು ಕಂಪ್ಯೂಟರ್ ಸುಜಾತಮ್ಮ ಅನ್ನುತ್ತಿದ್ದರು, ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಅಂತ ಬರೆದೆನಲ್ಲ, ಅದೂ ಸುಳ್ಳೇ. ಬೇಕಾದಷ್ಟಿತ್ತು.

ಆ ಜಂಬದಲ್ಲಿ ಒಂದು ತೂತೂ ಇತ್ತು. ಸಿ ಪ್ಲಸ್ ಪ್ಲಸ್ ಹೇಳಿಕೊಡುವಾಗ ಕನ್‌ಸ್ಟ್ರಕ್ಟರ್ ಅಂತ ಒಂದು ಪಾಠ ಬರುತ್ತದೆ. ಪ್ರೋಗ್ರಾಮಿನಲ್ಲಿ ಹೊಸದೊಂದು ಆಬ್ಜೆಕ್ಟ್ ಹುಟ್ಟುವಾಗ ಯಾರೂ ಕರೆಯದೆ ತಾನಾಗಿಯೇ ಕೆಲಸ ಮಾಡುವ ಭಾಗ ಅದು. ಆಬ್ಜೆಕ್ಟಿಗೆ ಬೇಕಾದ ಬೆಲೆಗಳನ್ನು ಆ ಕನ್‌ಸ್ಟ್ರಕ್ಟರಿನ ಫ್ಲವರ್ ಬ್ರಾಕೆಟ್ಟಿನ ಒಳಗೆ ಬರೆಯಬಹುದು. ಇಲ್ಲವೇ ಬ್ರಾಕೆಟ್ಟು ಶುರುವಾಗುವ ಮುಂಚೆಯೇ ಎರಡು ಚುಕ್ಕೆ ಇಟ್ಟು, ಅದರ ಪಕ್ಕದಲ್ಲಿ ಸಾಲಾಗಿ ಬರೆಯಬಹುದು. ಎರಡೂ ಒಂದೇ ಆದರೆ ಎರಡು ದಾರಿ ಯಾಕೆ — ನನಗೆ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ "ಅದು ಸಿಲಬಸ್ಸಲ್ಲಿಲ್ಲ, ಬಿಡ್ರಪ್ಪ" ಅನ್ನುತ್ತಿದ್ದೆ. ಸಿಲಬಸ್ಸಿನಲ್ಲಿ ಇತ್ತು.

ಆ ಮಧ್ಯಾಹ್ನ ನಿನಗೆ ನೆನಪಿದೆಯೋ ಇಲ್ಲವೋ. ಅದು ನಡೆದದ್ದೋ ಅಥವಾ ನಾನು ಯಾವಾಗಲೋ ಒರಗಿಕೊಂಡಿದ್ದಾಗ ಕಣ್ಣಿಗೆ ಕಟ್ಟಿದ್ದೋ ಎಂದು ನನಗೇ ಒಂದೊಂದು ಸಲ ಅನುಮಾನವಾಗುತ್ತದೆ. ಗೂಡು ಮಾರುಕಟ್ಟೆಗೆ ಹೋಗಿ ಹುಳದ ಮನೆ ಖಾಲಿಯಾಗಿತ್ತು. ಗೋಡೆಗೆಲ್ಲ ಹೊಸ ಸುಣ್ಣ. ಕಿಟಕಿಗೆ ನೇತುಹಾಕಿದ ಗೋಣಿತಾಟಿನ ಸಂದಿಯಿಂದ ಬಿಸಿಲು ಚೂರುಚೂರಾಗಿ ಒಳಗೆ ಬಿದ್ದಿತ್ತು, ಗಾಳಿ ಬಂದಾಗಲೆಲ್ಲ ಆ ಚೂರುಗಳು ನೆಲದ ಮೇಲೆ ಅತ್ತಿತ್ತ ಸರಿದಾಡುತ್ತಿದ್ದವು. ಬ್ಲೀಚಿಂಗ್ ಪುಡಿಯ ವಾಸನೆಗೆ ತಲೆ ಹಗುರಾಗಿ, ಯಾವುದೂ ನೆಲಕ್ಕೆ ತಾಗಿಲ್ಲವೇನೋ ಅನ್ನಿಸುವ ಹೊತ್ತು. ನಾನು ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತು ಆ ಎರಡು ಚುಕ್ಕೆಗೆ ಶಾಪ ಹಾಕುತ್ತಿದ್ದೆ. ನೀನು ಹುಳ ಸಾಕುವ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸುತ್ತಿದ್ದವಳು, ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದೆ.

"ಅಕ್ಕಾ, ಇದು ಈ ಮನೆ ತರಾನೇ ಅಲ್ವಾ?" ಅಂದೆ. "ಹುಳ ಒಳಕ್ ತಂದ್ಮೇಲೆ ಬ್ಲೀಚಿಂಗ್ ಹೊಡೆಯಕ್ಕಾಗ್ತೈತಾ? ಸತ್ತೋಗ್ತಾವೆ. ತೊಳೆಯೋದು, ಸುಣ್ಣ ಬಳಿಯೋದು, ತಟ್ಟೆ ಒಣಗ್ಸೋದು ಎಲ್ಲಾ ಮುಂಚೇನೇ ಆಗ್ಬೇಕು. ಸೊಪ್ಪು ಹಾಕೋದು ಮಾತ್ರ ಒಳಗ್ ಬಂದ್ಮೇಲೆ. ಈ ಬ್ರಾಕೆಟ್ಟು ಬಾಗ್ಲು ಇದ್ದಂಗೆ ಅಕ್ಕಾ. ಬಾಗ್ಲು ದಾಟೋ ಹೊತ್ಗೆ ಮನೆ ರೆಡಿ ಇರ್ಬೇಕಲ್ಲ, ಅದಕ್ಕೇ ಆ ಚುಕ್ಕೆ ಸಾಲು ಆಚೆ ಇರೋದು."

ಒಮ್ಮೆ ಕೊಟ್ಟ ಮೇಲೆ ಬದಲಾಯಿಸಲು ಬಾರದ ಬೆಲೆಗಳನ್ನು ಕಾನ್‌ಸ್ಟ್ ಅನ್ನುತ್ತಾರೆ, ಅವನ್ನು ಒಳಗೆ ಬರೆದರೆ ಕಂಪ್ಯೂಟರು ಯಾಕೆ ಒಪ್ಪುವುದಿಲ್ಲ ಎಂದು ನಾನು ಕೇಳಿದೆ. ನೀನು ಗೋಡೆ ತೋರಿಸಿದೆ. "ಆ ಸುಣ್ಣ ಹುಳದ ಬೆಳೆ ಮುಗಿಯೋ ತನ್ಕ ಮುಟ್ಟಂಗಿಲ್ಲ. ಒಳಗ್ ಬಂದ್ಮೇಲೆ ಬಳೀತೀನಿ ಅಂದ್ರೆ ಯಾರ್ ಬಿಡ್ತಾರೆ?" ಅಂದು ಮತ್ತೆ ತಟ್ಟೆ ತೊಳೆಯಲು ಹೋದೆ. ನಿನಗದು ದೊಡ್ಡ ವಿಷಯವೇ ಆಗಿರಲಿಲ್ಲ. ನನಗೆ ಆದದ್ದು ಸಂತೋಷ, ನಿಜವಾಗಿಯೂ ಸಂತೋಷವೇ — ಎರಡು ವರ್ಷದಿಂದ ಕಾಡಿದ್ದು ಒಂದು ಗಳಿಗೆಯಲ್ಲಿ ತಿಳಿಯಾಯಿತಲ್ಲ. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಕಂಪ್ಯೂಟರ್ ಸುಜಾತಮ್ಮನಿಗೆ ತಿಳಿಯದ್ದು ತಟ್ಟೆ ತೊಳೆಯುವವಳಿಗೆ ತಿಳಿದಿತ್ತು. ಹೌದು, ಹೀಗೇ ಯೋಚಿಸಿದೆ, ಇದೇ ಮಾತಿನಲ್ಲಿ.

ಅದಾದ ಕೆಲವು ತಿಂಗಳಿಗೆ ಶಿಡ್ಲಘಟ್ಟದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲೆಕ್ಚರರ್ ಬೇಕೆಂದರು. ಇದ್ದದ್ದು ಒಂದೇ ಕೆಲಸ. ಇಬ್ಬರೂ ಅರ್ಜಿ ಹಾಕಿದೆವು, ಇಬ್ಬರಿಗೂ ಕಾಗದ ಬಂತು. ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕು, ವಿಷಯ ಕನ್‌ಸ್ಟ್ರಕ್ಟರ್. "ಯಾರಿಗ್ ಸಿಕ್ರೂ ನಮ್ಮನೇಗೇ ಬಂದಂಗಾಯ್ತು" ಎಂದು ಮಾವ ಇಬ್ಬರ ಕಾಗದವನ್ನೂ ದೇವರ ಮುಂದೆ ಇಟ್ಟರು. ಆದರೆ ನಿನಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂದು ನನಗೊಬ್ಬಳಿಗೇ ಗೊತ್ತಿತ್ತು. ನೀನು ನನಗೆ ಮಾತ್ರ ಹೇಳಿದ್ದೆ — ಈ ಮನೆಯಲ್ಲಿ ಎಲ್ಲರೂ ಒಳ್ಳೆಯವರೇ ಅಕ್ಕಾ, ಆದ್ರೆ ನಾನು ಓದಿದೀನಿ ಅಂತ ಯಾರಿಗೂ ನೆನಪೇ ಇಲ್ಲ, ಅಂತ.

ಒಂದು ವಾರ ಹುಳದ ಮನೆಯ ಜಗಲಿಯಲ್ಲಿ ಕೂತು ಇಬ್ಬರೂ ತಯಾರಾದೆವು. ನಿನಗೆ ವಿಷಯದ ಹೆದರಿಕೆ ಇರಲಿಲ್ಲ, ಕನ್ನಡದ ಹೆದರಿಕೆ. ನಡುವೆ ತೆಲುಗು ನುಸುಳಿದರೆ ನಗುತ್ತಾರೇನೋ ಎಂದು. ನಾನು ಒಂದೊಂದೇ ಮಾತು ತಿದ್ದಿಕೊಟ್ಟೆ. ಹುಳದ ಮನೆಯ ಉದಾಹರಣೆಯನ್ನು ನಿನ್ನ ಬಾಯಿಂದ ಹತ್ತು ಸಲ ಹೇಳಿಸಿದೆ. ನಾನು ಪುಸ್ತಕದಲ್ಲಿದ್ದ, ಉದ್ದ ಅಗಲದ ಡಬ್ಬಿಯ ಉದಾಹರಣೆ ಹೇಳುವುದು ಎಂದು ಮಾತಾಯಿತು. "ಅದು ನಿಂದು ಕಣೇ, ನೀನೇ ಹೇಳು" — ಇದು ನನ್ನ ಬಾಯಿಂದಲೇ ಬಂದ ಮಾತು. ಅವತ್ತು ಅದನ್ನು ಮನಸ್ಸಿನಿಂದಲೇ ಹೇಳಿದ್ದೆ ಎಂಬುದು ನನ್ನನ್ನು ಈಗ ಇನ್ನೂ ಹೆಚ್ಚು ಕಾಡುತ್ತದೆ.

ಸಂದರ್ಶನದ ದಿನ ಚಿಂತಾಮಣಿಯಿಂದ ಬಂದಿದ್ದ ಒಬ್ಬರ ಪಾಠ ಮುಗಿದ ಮೇಲೆ ಕಾಲೇಜಿನ ಗುಮಾಸ್ತ ಬಂದು "ನಿಮ್ಮಿಬ್ಬರಲ್ಲಿ ಯಾರು ಮೊದ್ಲು ಬರ್ತೀರಮ್ಮ?" ಎಂದ. ನೀನು ಯೋಚಿಸಲೇ ಇಲ್ಲ. "ಅಕ್ಕ ದೊಡ್ಡೋರು, ಅವರೇ ಹೋಗ್ಲಿ" ಅಂದೆ. ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಮೊದಲು ನನಗೆ, ಎಲೆ ಮೊದಲು ನನಗೆ, ಹಬ್ಬದ ಸೀರೆ ಆರಿಸುವುದು ಮೊದಲು ನಾನು. ಅಲ್ಲೂ ನೀನು ಅದನ್ನೇ ಪಾಲಿಸಿದೆ.

ಡಬ್ಬಿಯ ಉದಾಹರಣೆ ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಕೂತಿದ್ದ ಮೂವರಲ್ಲಿ ತಲೆ ನರೆತ ಒಬ್ಬರು, ಅಲ್ಲಿಯವರೆಗೆ ಸುಮ್ಮನಿದ್ದವರು, ಕನ್ನಡಕ ತೆಗೆದು ಕೇಳಿದರು. "ಅಮ್ಮಾ, ಇದನ್ನ ಒಳಗಡೆ ಬರೆದ್ರೂ ಆಗುತ್ತೆ ಅಂತೀರಿ. ಮತ್ತೆ ಆಚೆ ಯಾಕೆ ಬರೀಬೇಕು?"

ನನಗೆ ಅದು ತಿಳಿದಿದ್ದದ್ದು ಒಂದೇ ದಾರಿಯಲ್ಲಿ, ನಿನ್ನ ದಾರಿಯಲ್ಲಿ. ಬೇರೆ ಮಾತೇ ನನ್ನ ಹತ್ತಿರ ಇರಲಿಲ್ಲ. ಬಾಯಿ ತೆರೆದೆ. ಬ್ಲೀಚಿಂಗು, ಸುಣ್ಣ, ಹುಳ, ಬಾಗಿಲು — ನಾನೇ ತಿದ್ದಿಕೊಟ್ಟಿದ್ದ ಕನ್ನಡದಲ್ಲಿ, ಒಂದಕ್ಷರ ಬಿಡದೆ ಎಲ್ಲ ಹೊರಬಂತು. ಯಾರೋ ನನ್ನೊಳಗೆ ಕೂತು ಹೇಳುತ್ತಿದ್ದಾರೆ, ನಾನು ದೂರದಲ್ಲಿ ನಿಂತು ಕೇಳುತ್ತಿದ್ದೇನೆ ಅನ್ನಿಸಿತು. ನನ್ನ ವಾರಗಿತ್ತಿ ಹೀಗೆ ಹೇಳುತ್ತಾಳೆ ಸರ್, ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ಆ ಹಿರಿಯರ ಮುಖ ಅರಳಿತು. "ಮೂವತ್ತು ವರ್ಷದಲ್ಲಿ ಇಂಥಾ ಉದಾಹರಣೆ ಕೇಳಿಲ್ಲಮ್ಮ" ಅಂದರು. ಆಗ ಕಿಟಕಿಯಾಚೆ ನಿನ್ನ ನೀಲಿ ಸೆರಗು ಕಂಡಿತು.

ಆಮೇಲೆ ನಿನ್ನ ಸರದಿ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ನೀನು ಬೇರೆ ಏನಾದರೂ ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ನನ್ನ ಸಲುವಾಗಿ. ನಿನ್ನ ಹತ್ತಿರ ಇದ್ದದ್ದು ಅದೊಂದೇ, ನೀನು ದಿನಾ ಮಾಡುವ ಕೆಲಸದಿಂದ ಎತ್ತಿಕೊಂಡದ್ದು. ಐದು ನಿಮಿಷವೂ ಆಗಿರಲಿಲ್ಲ, ಒಳಗಿಂದ "ಇದನ್ನ ಈಗ ತಾನೇ ಕೇಳಿದ್ವಲ್ಲಮ್ಮ" ಎಂಬ ಮಾತು ಕೇಳಿಸಿತು. "ಇಲ್ಲ ಸರ್, ಇದ್ರಲ್ಲಿ ಇನ್ನೂ ಐತೆ, ಆರ್ಡರ್ ಅಂತ..." ಎಂದು ನೀನು ಶುರು ಮಾಡಿದೆ. ಅಷ್ಟರಲ್ಲಿ ಗುಮಾಸ್ತ ಬಂದು ನನ್ನನ್ನು ಒಳಗೆ ಕರೆದ. ನೀನು ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದುಕೊಂಡೇ ನಿಂತಿದ್ದೆ.

"ಇಬ್ಬರದೂ ಒಂದೇ ಉದಾಹರಣೆ. ಯಾರದಿದು?" ಎಂದು ಆ ಮೂವರಲ್ಲಿ ಒಬ್ಬರಾದ ಪ್ರಿನ್ಸಿಪಾಲರು ಕೇಳಿದರು. ಸಿಟ್ಟಿನಿಂದಲ್ಲ, ಸುಮ್ಮನೆ.

"ನಾನೇ ಸರ್, ಮನೇಲಿ ಹೇಳ್ಕೊಟ್ಟಿದ್ದು. ಅವಳಿಗೆ ಕನ್ನಡ ಅಷ್ಟಾಗಿ ಬರಲ್ಲ."

ಮೊದಲನೇ ವಾಕ್ಯದಲ್ಲಿ ಎಳ್ಳಷ್ಟು ನಿಜ ಇತ್ತು — ಕನ್ನಡ ತಿದ್ದಿದವಳು ನಾನೇ ಅಲ್ಲವೇ ಎಂದು ಎಷ್ಟೋ ದಿನ ಅದನ್ನೇ ಹಿಡಿದುಕೊಂಡು ನಿದ್ದೆ ಮಾಡಿದ್ದೇನೆ. ಎರಡನೇ ವಾಕ್ಯಕ್ಕೆ ಅದೂ ಇಲ್ಲ. ಅದನ್ನು ಯಾರೂ ಕೇಳಿರಲಿಲ್ಲ. ನೀನು ನನಗೆ ನಂಬಿ ತೋರಿಸಿದ್ದ ಹೆದರಿಕೆಯನ್ನೇ ತೆಗೆದು ಅವರ ಮುಂದೆ ಇಟ್ಟೆ. ನೀನು ನನ್ನ ಕಡೆ ನೋಡಲಿಲ್ಲ. ಸೀಮೆಸುಣ್ಣವನ್ನು ಡಬ್ಬಿಯಲ್ಲಿಟ್ಟು, ಕೈ ಒರೆಸಿಕೊಂಡು, ಮೂವರಿಗೂ ನಮಸ್ಕಾರ ಹೇಳಿ ಹೊರಗೆ ಬಂದೆ.

ಸಾದಲಿಯ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತಿದ್ದೆವು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಹಸಿರಾಗಿ ಹಿಂದಕ್ಕೆ ಹರಿಯುತ್ತಿದ್ದವು, ನನಗೆ ಬಸ್ಸು ನಿಂತೇ ಇದೆ ಅನ್ನಿಸುತ್ತಿತ್ತು. "ಪದ್ಮಾ, ಅಲ್ಲಿ ಒಳಗೆ..." ಎಂದೆ. "ಪೋನೀಲೇ ಅಕ್ಕಾ" ಅಂದೆ ನೀನು. ಹೋಗಲಿ ಬಿಡು ಎನ್ನುವಾಗ ನೀನು ಯಾವಾಗಲೂ ತೆಲುಗಿಗೇ ಹೋಗುತ್ತೀಯ. ನಾನು ಆ ಮಾತನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಕೆಲಸ ನನಗೆ ಬಂತು. ಅದರ ಜೊತೆಗೇ, ಆ ಗುಮಾಸ್ತನ ಬಾಯಿಂದ ಹೇಗೋ ಏನೋ, ಇನ್ನೊಂದು ಮಾತೂ ಊರಿಗೆ ಬಂತು. ಚಿಕ್ಕ ಸೊಸೆ ಅಕ್ಕನ ಪಾಠಾನೇ ನೋಡ್ಕೊಂಡು ಒಪ್ಪಿಸಿದ್ಲಂತೆ, ಎಂದು. ನಾನು ಅಲ್ಲಗಳೆಯಲಿಲ್ಲ. ಎರಡು ವರ್ಷ ಕಳೆದು ಚಿಂತಾಮಣಿಯಲ್ಲಿ ಅಂಥದೇ ಇನ್ನೊಂದು ಕೆಲಸಕ್ಕೆ ಕರೆದಾಗ, ಮೈದುನ ಊಟಕ್ಕೆ ಕೂತು "ಪದ್ಮ ಅರ್ಜಿ ಹಾಕ್ಲಾ?" ಎಂದ. ಅತ್ತೆ ತಮಾಷೆಗೇ ಅಂದರು, "ಯಾಕಪ್ಪಾ, ಮತ್ತೆ ಅಕ್ಕನ ಪಾಠ ಕದ್ದು ಹೇಳಕ್ಕಾ?" ಎಲ್ಲರೂ ನಕ್ಕರು. ಅತ್ತೆಯದು ಕೆಟ್ಟ ಮನಸ್ಸಲ್ಲ, ಅವರಿಗೆ ಗೊತ್ತಿದ್ದದ್ದು ಅಷ್ಟೇ.

ನಾನೂ ನಕ್ಕೆ, ಪದ್ಮಾ. ಕಾಲೇಜಿನಲ್ಲಿ ಹೇಳಿದ ಸುಳ್ಳನ್ನಾದರೂ ಹೆದರಿಕೆಯಿಂದ ಹೇಳಿದೆ ಅನ್ನಬಹುದೇನೋ. ಆ ನಗು — ಅದಕ್ಕೆ ಏನನ್ನಲಿ. ನೀನು ಎಲ್ಲರ ಎಲೆಗೂ ಸಾರು ಬಡಿಸುತ್ತಿದ್ದೆ, ನನ್ನ ಎಲೆಗೂ ಬಡಿಸಿದೆ. ಅರ್ಜಿಯ ಮಾತು ಮತ್ತೆ ಏಳಲಿಲ್ಲ. ನಿನ್ನ ಮಾರ್ಕ್ಸ್ ಕಾರ್ಡುಗಳನ್ನಿಟ್ಟಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಆಮೇಲೆ ನಿನ್ನ ಮಗುವಿನ ಲಸಿಕೆ ಕಾರ್ಡು ಬಂತು.

ನಾನು ಮಾತ್ರ ಬೆಳೆದೆ. ಪ್ರತಿ ವರ್ಷ ಆ ಪಾಠ ಬಂದಾಗ ತರಗತಿಯಲ್ಲಿ ಒಂದು ಬೆಳಕು ಏಳುತ್ತಿತ್ತು. ನಮ್ಮ ಮಕ್ಕಳೆಲ್ಲ ಹುಳ ಸಾಕುವ ಮನೆಗಳಿಂದ, ನೂಲು ಬಿಚ್ಚುವ ಮನೆಗಳಿಂದ ಬಂದವರು. ಅಪ್ಪ ಅಮ್ಮ ಮಾಡುವ ಕೆಲಸವೇ ಬೋರ್ಡಿನ ಮೇಲೆ ಬಂದರೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಬೇರೆ ಕಾಲೇಜಿನವರೂ ಆ ಉದಾಹರಣೆಯನ್ನು ಕೇಳಿ ಬರೆದುಕೊಂಡರು. ಹೊಗಳಿಕೆ ಬಂದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ, ಎಷ್ಟು ವಿನಯ ನೋಡಿ ಅನ್ನುತ್ತಿದ್ದರು.

ಒಂದು ಕನಸು ಮಾತ್ರ ಬಿಡುತ್ತಿರಲಿಲ್ಲ. ಹುಳದ ಮನೆಯೇ ತರಗತಿಯಾಗಿದೆ. ಜ್ವರಕ್ಕೆ ಹೋದ ಹುಳಗಳು ಸೊಪ್ಪು ತಿನ್ನದೆ, ಪೊರೆ ಬಿಡುವ ತನಕ ತಲೆ ಎತ್ತಿ ಕದಲದೆ ಇರುತ್ತವಲ್ಲ, ಹಾಗೆ ಮಕ್ಕಳೆಲ್ಲ ತಲೆ ಎತ್ತಿ ಕೂತಿದ್ದಾರೆ. ನಾನು ಗೋಡೆಯ ಮೇಲೆ ಬರೆಯುತ್ತಲೇ ಇದ್ದೇನೆ. ಸುಣ್ಣ ಬಳಿದ ಗೋಡೆ, ನನ್ನ ಕೈಯಲ್ಲಿರುವುದೂ ಸೀಮೆಸುಣ್ಣ, ಬಿಳಿಯ ಮೇಲೆ ಬಿಳಿ, ಏನೂ ಮೂಡುವುದಿಲ್ಲ. ಮಕ್ಕಳು ಕಾಯುತ್ತಾರೆ. ಎಚ್ಚರವಾದಾಗ ಮೊದಲು ಕೇಳಿಸುತ್ತಿದ್ದದ್ದು ಪಕ್ಕದ ಹುಳದ ಮನೆಯಲ್ಲಿ ನೀನು ಸೊಪ್ಪು ಕತ್ತರಿಸುವ ಸದ್ದು.

ಕಳೆದ ತಿಂಗಳು ಹಿಂದಿನ ಬೆಂಚಿನ ಒಬ್ಬಳು ಹುಡುಗಿ ತನ್ನ ಪ್ರೋಗ್ರಾಮು ತಂದಳು. ಚುಕ್ಕೆ ಸಾಲಿನಲ್ಲಿ ಮೊದಲು ಉದ್ದ, ಆಮೇಲೆ ಅಗಲ, ಕೊನೆಗೆ ಅವೆರಡನ್ನು ಗುಣಿಸಿದ ವಿಸ್ತೀರ್ಣ ಎಂದು ಸರಿಯಾಗಿಯೇ ಬರೆದಿದ್ದಳು. ಆದರೂ ವಿಸ್ತೀರ್ಣದ ಜಾಗದಲ್ಲಿ ತಲೆಬುಡವಿಲ್ಲದ ಅಂಕಿ ಬರುತ್ತಿತ್ತು. "ಎಲ್ಲಾ ಮುಂಚೇನೇ ರೆಡಿ ಮಾಡಿದೀನಲ್ಲ ಮೇಡಂ, ಯಾಕ್ ತಪ್ಪು?" ಅಂದಳು. ನನಗೆ ಗೊತ್ತಾಗಲಿಲ್ಲ. ನಾಳೆ ಹೇಳ್ತೀನಮ್ಮ ಎಂದು ಅದನ್ನು ಹಾಳೆಯ ಮೇಲೆ ಬರೆದುಕೊಂಡು ಮನೆಗೆ ತಂದೆ. ಆ ಸಂಜೆ ಸೊಪ್ಪು ಹಾಕಲು ಸಹಾಯಕ್ಕೆ ಬಂದವಳ ಹಾಗೆ ಹುಳದ ಮನೆಗೆ ಬಂದು, ಮಾತಿಗೆ ಮಾತು ಎಂಬಂತೆ ನಿನ್ನನ್ನು ಕೇಳಿದೆ. ಐದು ವರ್ಷದಲ್ಲಿ ಮೊದಲ ಸಲ.

ನೀನು ಹಾಳೆಯನ್ನು ಒಂದು ಗಳಿಗೆ ನೋಡಿದೆ. ಸೊಪ್ಪು ಹರಡುತ್ತಲೇ ಹೇಳಿದೆ. "ಚುಕ್ಕೆ ಸಾಲಲ್ಲಿ ಹೆಂಗ್ ಬರೆದ್ರೂ ಅಷ್ಟೇ ಅಕ್ಕಾ. ಮೇಲೆ ಕ್ಲಾಸಲ್ಲಿ ಯಾವ್ದು ಮೊದ್ಲು ಹೇಳಿದೀವೋ ಅದೇ ಮೊದ್ಲು ಹುಟ್ಟೋದು. ಈ ಹುಡ್ಗಿ ಮೇಲ್ಗಡೆ ವಿಸ್ತೀರ್ಣಾನ ಮೊದ್ಲು ಬರೆದವ್ಳೆ ನೋಡಿ. ಉದ್ದ ಅಗಲ ಇನ್ನೂ ಹುಟ್ಟೇ ಇಲ್ಲ, ಗುಣಿಸಿದ್ರೆ ಏನ್ ಬರ್ತೈತೆ? ನಾವು ಸೊಪ್ಪಿನ ಕುಕ್ಕೆ ಯಾವ್ ಕಡೆಯಿಂದ ತಂದ್ರೂ ಮೊದ್ಲು ಎದ್ದ ಹುಳಾನೇ ಮೊದ್ಲು ಜ್ವರಕ್ಕೋಗೋದು, ಹಂಗೆ." ನೀನು ಇನ್ನೊಂದು ತಟ್ಟೆ ಎಳೆದುಕೊಂಡೆ. ಆಮೇಲೆ ಅದೇ ದನಿಯಲ್ಲಿ ಅಂದೆ, "ಅವತ್ತು ನಾನು ಹೇಳಕ್ಕೋಗಿದ್ದು ಇದೇ."

ಅಷ್ಟೇ. ಸಿಟ್ಟಿಲ್ಲ, ಚುಚ್ಚಲಿಲ್ಲ. ಐದು ವರ್ಷ ಮುಗಿಸಲು ಬಿಡದ ವಾಕ್ಯವೊಂದನ್ನು ನೀನು ಮುಗಿಸಿದೆ. ಆ ಕೋಣೆಯಲ್ಲಿ ನಿನ್ನನ್ನು ಇನ್ನೈದು ನಿಮಿಷ ಮಾತಾಡಲು ಬಿಟ್ಟಿದ್ದರೆ, ಗೊತ್ತಿರುವವಳು ಯಾರೆಂದು ಆ ಮೂವರಿಗೂ ತಿಳಿಯುತ್ತಿತ್ತು.

ಮರುದಿನ ತರಗತಿಯಲ್ಲಿ ನಿಂತು ಆ ಹುಡುಗಿಗೆ ಎಲ್ಲವನ್ನೂ ನೀನು ಹೇಳಿದ ಹಾಗೇ ಹೇಳಿದೆ. ಇವತ್ತು ನಿನ್ನ ಹೆಸರು ಹೇಳಲೇಬೇಕು ಎಂದು ಬಸ್ಸಿನಲ್ಲಿ ಬರುವಾಗಲೇ ನಿರ್ಧಾರ ಮಾಡಿದ್ದೆ. ಹುಡುಗಿ ಕೇಳಿದಳು, "ನಿಮಗೆ ಹೆಂಗ್ ಗೊತ್ತಾಯ್ತು ಮೇಡಂ?" ಅರವತ್ತು ಮುಖಗಳು ನನ್ನ ಕಡೆ.

"ನಿನ್ನೆ ಯೋಚಿಸ್ತಾ ಇದ್ದೆ, ಹೊಳೀತು" ಅಂದೆ.

ಆದ್ದರಿಂದ ಹೆದರಿಕೆಯ ಮಾತು, ಆ ಹಿರಿಯರ ಪ್ರಶ್ನೆಯ ಮಾತು, ಯಾವುದನ್ನೂ ನಾನು ನೆಪವಾಗಿ ಹೇಳುವ ಹಾಗಿಲ್ಲ. ಈ ಸಲ ಯಾರೂ ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ, ಕಳೆದುಕೊಳ್ಳುವುದು ಏನೂ ಇರಲಿಲ್ಲ. ಆದರೂ ಮಾಡಿದೆ. ನಾನು ಅಂಥವಳು ಎಂದು ಆಗಲೇ ನನಗೆ ಗೊತ್ತಾದದ್ದು.

ಈ ಭಾನುವಾರ ಮಧ್ಯಾಹ್ನ ಮಾವ, ಅತ್ತೆ, ಮೈದುನ, ನಮ್ಮವರು ಎಲ್ಲರೂ ಊಟಕ್ಕೆ ಕೂತಿರುವಾಗ ಇದನ್ನು ಗಟ್ಟಿಯಾಗಿ ಓದುತ್ತೇನೆ. ಸೋಮವಾರ ಪ್ರಿನ್ಸಿಪಾಲರ ಕೈಗೂ ಒಂದು ಪ್ರತಿ ಕೊಡುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ. ನಿನಗೆ ಮೊದಲೇ ತೋರಿಸುವುದಿಲ್ಲ, ಪದ್ಮಾ. ತೋರಿಸಿದರೆ ನೀನು ಬೇಡ ಅನ್ನುತ್ತೀಯ. ನೀನು ಬೇಡ ಅಂದರೆ ನಾನು ಒಳಗೊಳಗೇ ಸಂತೋಷಪಟ್ಟು, ಇದನ್ನು ಮಡಚಿ ಇಟ್ಟುಬಿಡುತ್ತೇನೆ.